ಎಂಸಿಬಿ ಇದ್ದರೆ ಶಾಕ್ ಹೊಡೆಯುವುದಿಲ್ಲವೇ?

ಮಳೆಗಾಲ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಕರೆಂಟಿನ ಬಗೆಗಿನ ಸಂದೇಶಗಳು ಓಡಾಡುತ್ತವೆ. ರಬ್ಬರ್ ಚಪ್ಪಲಿ ಹಾಕಿಕೊಂಡರೆ ಶಾಕ್ ಹೊಡೆಯುವುದಿಲ್ಲ, ಸ್ವಿಚ್ ಆಫ್ ಇದ್ದರೆ ಭಯವಿಲ್ಲ, ಶಾಕ್ ಹೊಡೆದವರನ್ನು ಮಣ್ಣಿನಲ್ಲಿ ಮಲಗಿಸಿ ಎಂದೆಲ್ಲ. ಇವುಗಳಲ್ಲಿ ಕೆಲವು ಅರ್ಧ ನಿಜ, ಕೆಲವು ಪೂರ್ತಿ ಸುಳ್ಳು. ಆದರೆ ಇವೆಲ್ಲಕ್ಕಿಂತ ಅಪಾಯಕಾರಿ ಎಂದು ನಮಗೆ ಅನ್ನಿಸುವುದು ಯಾರೂ ಫಾರ್ವರ್ಡ್ ಮಾಡದ, ಆದರೆ ಬಹುತೇಕ ಎಲ್ಲರೂ ನಂಬಿರುವ ಒಂದು ಮಾತು: "ನಮ್ಮ ಮನೇಲಿ ಎಂಸಿಬಿ ಇದೆ, ಏನಾದ್ರೂ ಆದ್ರೆ ತಾನೇ ಟ್ರಿಪ್ ಆಗುತ್ತೆ."

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳನ್ನು ನೋಡಿದರೆ, ಈಚಿನ ವರ್ಷಗಳಲ್ಲಿ ದೇಶದಲ್ಲಿ ವಿದ್ಯುತ್ ತಗುಲಿ ಸಾಯುವವರು ವರ್ಷಕ್ಕೆ 10,000ಕ್ಕೂ ಹೆಚ್ಚು. ಹೊಲದ ಪಂಪ್‌ಸೆಟ್, ಹರಿದುಬಿದ್ದ ತಂತಿ ಎಲ್ಲವೂ ಈ ಲೆಕ್ಕದಲ್ಲಿ ಸೇರಿವೆ. ನಾವು ಇಲ್ಲಿ ಮಾತಾಡುತ್ತಿರುವುದು ಮನೆಯೊಳಗಿನ ಕರೆಂಟಿನ ಬಗ್ಗೆ ಮಾತ್ರ.

ಎಂಸಿಬಿ ಕಾಯುವುದು ವೈರನ್ನು

ಸಣ್ಣ ಲೆಕ್ಕ ಮಾಡೋಣ. ನಮ್ಮ ಮನೆಗೆ ಬರುವುದು 230 ವೋಲ್ಟ್. ಒದ್ದೆ ಕೈ, ಒದ್ದೆ ಕಾಲಿನಲ್ಲಿರುವ ಮನುಷ್ಯನ ದೇಹದ ರೋಧ ಸುಮಾರು 1,000 ಓಮ್ ಎಂದಿಟ್ಟುಕೊಳ್ಳಿ. ಆಗ ದೇಹದ ಮೂಲಕ ಹರಿಯುವ ಕರೆಂಟು 0.23 ಆಂಪಿಯರ್, ಅಂದರೆ 230 ಮಿಲಿಆಂಪಿಯರ್. ಹೃದಯದ ಬಡಿತ ತಾಳ ತಪ್ಪಿ ನಿಂತುಹೋಗಲು ಇದರ ಅರ್ಧವೂ ಸಾಕಾಗಬಹುದು.

ಈಗ ಎಂಸಿಬಿಯ ಕಡೆ ನೋಡಿ. ಲೈಟು, ಫ್ಯಾನಿನ ಲೈನಿಗೆ ಹಾಕುವ ಚಿಕ್ಕ ಎಂಸಿಬಿಯೇ 6 ಆಂಪಿಯರಿನದು. ಗೀಸರಿನ ಲೈನಿಗೆ 16 ಅಥವಾ 20 ಆಂಪಿಯರ್ ಇರುತ್ತದೆ. 2,000 ವಾಟಿನ ಗೀಸರ್ ನೀರು ಕಾಯಿಸಲು ಎಳೆಯುವುದೇ ಸುಮಾರು 8.7 ಆಂಪಿಯರ್. ಅದರ ಜೊತೆಗೆ ಮನುಷ್ಯನ ಮೂಲಕ ಇನ್ನೊಂದು 0.23 ಆಂಪಿಯರ್ ಹರಿದರೆ ಎಂಸಿಬಿಗೆ ಅದು ಒಂದು ಬಲ್ಬು ಹೆಚ್ಚಿಗೆ ಹಾಕಿದಂತೆ. ಅದು ಟ್ರಿಪ್ ಆಗುವುದಿಲ್ಲ. ಕೆಟ್ಟಿರುವುದರಿಂದಲ್ಲ, ಅದರ ಕೆಲಸವೇ ಬೇರೆ. ಶಾರ್ಟ್ ಸರ್ಕ್ಯೂಟ್ ಅಥವಾ ಓವರ್‌ಲೋಡ್ ಆಗಿ ಗೋಡೆಯೊಳಗಿನ ವೈರು ಸುಟ್ಟು ಬೆಂಕಿ ಹತ್ತದಂತೆ ನೋಡಿಕೊಳ್ಳುವುದು ಅದರ ಕೆಲಸ. ಹಳೆ ಮನೆಗಳ ಫ್ಯೂಸೂ ಅಷ್ಟೆ.

"ಆದರೆ ನಮ್ಮಲ್ಲಿ ಅರ್ಥಿಂಗ್ ಇದೆಯಲ್ಲ" ಎಂದು ಕೇಳುವವರಿದ್ದಾರೆ. ಅರ್ಥಿಂಗ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಮೂರು ಪಿನ್ನಿನ ಪ್ಲಗ್‌ನಲ್ಲಿ ಮೇಲಿನ ಪಿನ್ ದಪ್ಪಗೆ, ಉದ್ದಕ್ಕೆ ಇರುವುದು ಸುಮ್ಮನೆ ಅಲ್ಲ. ಪ್ಲಗ್ ಹಾಕುವಾಗ ಅರ್ಥ್ ಮೊದಲು ಸೇರಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು ಎಂದೇ ಹಾಗೆ ಮಾಡಿದ್ದಾರೆ. ಅದನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕುವವರನ್ನು ನಾವೆಲ್ಲ ನೋಡಿದ್ದೇವೆ.

ಆದರೆ ಅರ್ಥಿಂಗ್ ಮತ್ತು ಎಂಸಿಬಿ ಎರಡೂ ಸೇರಿದರೂ ಸಾಲದ ಸಂದರ್ಭಗಳಿವೆ. ಮನೆಯ ಪಕ್ಕ ಪೈಪು ಹೂತು ಮಾಡಿದ ಅರ್ಥಿಂಗಿನ ರೋಧ 20 ಓಮ್ ಇದೆ ಎಂದುಕೊಳ್ಳಿ. ಬೇಸಿಗೆಯಲ್ಲಿ ಒಣಗಿದ ಗಟ್ಟಿ ನೆಲದಲ್ಲಿ ಇದು ಅಪರೂಪವೇನಲ್ಲ. ವಾಷಿಂಗ್ ಮಷೀನಿನ ಲೋಹದ ಮೈಗೆ ಫೇಸ್ ವೈರು ತಾಗಿದರೆ ಭೂಮಿಗೆ ಹರಿಯುವುದು 230 ಭಾಗಿಸು 20, ಅಂದರೆ 11.5 ಆಂಪಿಯರ್. 16 ಆಂಪಿಯರಿನ ಎಂಸಿಬಿ ಇದಕ್ಕೆ ಮಿಸುಕುವುದಿಲ್ಲ. ಮಷೀನಿನ ಮೈಯಲ್ಲಿ ಕರೆಂಟು ಹಾಗೇ ಉಳಿದಿರುತ್ತದೆ. ಅದೇ ಅರ್ಥ್ ವೈರಿಗೆ ಸೇರಿರುವ ಫ್ರಿಜ್ಜಿನ ಮೈಗೂ ಅದು ಬರುತ್ತದೆ. ಅರ್ಥ್ ಗುಂಡಿಗೆ ನೀರು ಹಾಕಿ ಎಂದು ಹಿರಿಯರು ಹೇಳುವುದು ಸರಿಯೇ, ಮಣ್ಣು ತೇವವಿದ್ದರೆ ರೋಧ ಇಳಿಯುತ್ತದೆ. ಆದರೆ ಬಕೆಟ್ ನೀರು ಹಾಕಿದ ಮಾತ್ರಕ್ಕೆ ಎಂಸಿಬಿ ಟ್ರಿಪ್ ಆಗುವಷ್ಟು ಇಳಿಯುತ್ತದೆ ಎಂದು ನಂಬಿ ಕೂರುವಂತಿಲ್ಲ.

ಮನುಷ್ಯರನ್ನು ಕಾಯುವ ಸಾಧನ

ಅಮೆರಿಕದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಚಾರ್ಲ್ಸ್ ಡಾಲ್ಜಿಯಲ್ ಸ್ವಯಂಸೇವಕರ ಮೇಲೆ ಪ್ರಯೋಗ ಮಾಡಿ, ಎಷ್ಟು ಕರೆಂಟು ಹರಿದರೆ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ ಎಂದು ಅಳೆದರು. ಸರಾಸರಿ ಗಂಡಸರಿಗೆ ಸುಮಾರು 16 ಮಿಲಿಆಂಪಿಯರ್, ಹೆಂಗಸರಿಗೆ ಸುಮಾರು 10.5. "ಕರೆಂಟು ಹಿಡಿದುಕೊಂಡಿತು" ಎನ್ನುತ್ತೇವಲ್ಲ, ಹಿಡಿಯುವುದು ಕರೆಂಟಲ್ಲ, ನಮ್ಮದೇ ಸ್ನಾಯುಗಳು. ಇಷ್ಟು ಸಣ್ಣ ಸೋರಿಕೆಯನ್ನು ಪತ್ತೆಹಚ್ಚಿ ಲೈನು ಕಡಿಯುವ ಸಾಧನವನ್ನು ಅವರು 1961ರಲ್ಲಿ ರೂಪಿಸಿದರು. ಅದರ ಜಾತಿಯದೇ ನಮ್ಮಲ್ಲಿ ಸಿಗುವ ಆರ್‌ಸಿಸಿಬಿ.

ಅದು ಮಾಡುವುದು ಇಷ್ಟೆ: ಫೇಸ್‌ನಲ್ಲಿ ಹೋದ ಕರೆಂಟು ಪೂರ್ತಿಯಾಗಿ ನ್ಯೂಟ್ರಲ್‌ನಲ್ಲಿ ವಾಪಸು ಬಂತೇ ಎಂದು ಸದಾ ಹೋಲಿಸಿ ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ಲೆಕ್ಕ ತಪ್ಪಿದರೆ, ಅದು ಯಾರದೋ ದೇಹದ ಮೂಲಕವೋ ಅರ್ಥ್ ವೈರಿನ ಮೂಲಕವೋ ಭೂಮಿಗೆ ಹೋಗುತ್ತಿದೆ ಎಂದರ್ಥ. ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಬೇಗ ಲೈನು ಕಡಿಯುತ್ತದೆ. ಸೋರಿಕೆ ಹೆಚ್ಚಿದ್ದರೆ ಇನ್ನೂ ಬೇಗ.

ನಿಮ್ಮ ಮನೆಯಲ್ಲಿ ಇದೆಯೇ ಎಂದು ನೋಡುವುದು ಸುಲಭ. ಡಿಬಿ ಬಾಕ್ಸಿನ ಮುಚ್ಚಳ ತೆಗೆಯಿರಿ. ಎಂಸಿಬಿಗಿಂತ ಅಗಲವಾದ, "ಟಿ" ಎಂದು ಬರೆದ ಪುಟ್ಟ ಬಟನ್ ಇರುವ ಸಾಧನವೇ ಅದು. ಮೇಲೆ 30 ಮಿಲಿಆಂಪಿಯರ್ ಅಥವಾ 0.03 ಆಂಪಿಯರ್ ಎಂದು ಇರಬೇಕು. 100 ಅಥವಾ 300 ಎಂದಿದ್ದರೆ ಅದು ಬೆಂಕಿ ತಡೆಯಲು ನೆರವಾದೀತು, ಮನುಷ್ಯರಿಗೆ ಸಾಲದು. ಬಟನ್ ಒತ್ತಿದರೆ ತಟ್ಟನೆ ಆಫ್ ಆಗಬೇಕು. ಆಗದಿದ್ದರೆ ಬದಲಿಸಿ. ತಿಂಗಳಿಗೊಮ್ಮೆ ಒತ್ತಿ ನೋಡುವುದು ಒಳ್ಳೆಯದು.

ಇದಕ್ಕೂ ಮಿತಿಗಳಿವೆ. ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಮುಟ್ಟಿದರೆ ಆರ್‌ಸಿಸಿಬಿಗೆ ನೀವೂ ಒಂದು ಬಲ್ಬಿನಂತೆಯೇ ಕಾಣುತ್ತೀರಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸೋರುವ ಹೀಟರ್ ಕಾಯಿಲ್ ಇಟ್ಟರೆ, ನೀರಿನಲ್ಲಿ ಕರೆಂಟಿದ್ದರೂ ನೀವು ಕೈ ಅದ್ದುವ ತನಕ ಅದು ಟ್ರಿಪ್ ಆಗದೇ ಇರಬಹುದು. ಹಾಗಾಗಿ ಕಾಯಿಲ್‌ನ ಪ್ಲಗ್ ತೆಗೆದೇ ನೀರು ಮುಟ್ಟಬೇಕು.

ಇನ್ವರ್ಟರ್ ಇರುವ ಮನೆಗಳಲ್ಲಿ ಇನ್ನೊಂದು ಪೇಚು. ಇನ್ವರ್ಟರ್ ಲೈನಿನ ನ್ಯೂಟ್ರಲ್ ಮತ್ತು ಮೇನ್ ಲೈನಿನ ನ್ಯೂಟ್ರಲ್ ಎಲ್ಲೋ ಬೆರೆತಿದ್ದರೆ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ. ಆಗ "ಇದು ಸುಮ್ನೆ ತೊಂದರೆ ಕೊಡುತ್ತೆ ಸಾರ್" ಎಂದು ಅದನ್ನು ಬೈಪಾಸ್ ಮಾಡಿಬಿಡುತ್ತಾರೆ. ಒಪ್ಪಬೇಡಿ. ಪದೇ ಪದೇ ಬೀಳುತ್ತಿದೆ ಎಂದರೆ ವೈರಿಂಗ್ ತಪ್ಪಿದೆ, ಇಲ್ಲವೇ ಯಾವುದೋ ಉಪಕರಣ ಸೋರುತ್ತಿದೆ. ಗೀಸರಿನ ನಲ್ಲಿ ಮುಟ್ಟಿದಾಗ "ಸ್ವಲ್ಪ ಜುಂ ಅನ್ನುತ್ತೆ ಅಷ್ಟೆ" ಎನ್ನುವುದೂ ಇದೇ ಸೋರಿಕೆ. ಹಾಗೆಯೇ ಕರೆಂಟು ಹೋಗಿ ಇನ್ವರ್ಟರ್ ಬ್ಯಾಟರಿಯಲ್ಲಿ ಓಡುವಾಗ, ಅದಕ್ಕಿಂತ ಮುಂಚೆ ಕೂರಿಸಿದ ಆರ್‌ಸಿಸಿಬಿ ಆ ಲೈನನ್ನು ಕಾಯುವುದಿಲ್ಲ. ಆ ಲೈನಿಗೆ ಬೇರೆಯದೇ ಬೇಕು.

ಚಪ್ಪಲಿ, ಟೆಸ್ಟರ್, ಸ್ವಿಚ್

ಒಣಗಿದ ರಬ್ಬರ್ ಚಪ್ಪಲಿ ಕಾಲಿನ ದಾರಿಯನ್ನು ಮಟ್ಟಿಗೆ ತಡೆಯುತ್ತದೆ, ನಿಜ. ಆದರೆ ಇನ್ನೊಂದು ಕೈ ನಲ್ಲಿಯ ಮೇಲೋ ಒದ್ದೆ ಗೋಡೆಯ ಮೇಲೋ ಇದ್ದರೆ ಕರೆಂಟಿಗೆ ಕಾಲಿನ ಹಂಗಿಲ್ಲ. ಕೈಯಿಂದ ಕೈಗೆ ಹೋಗುವ ದಾರಿ ಎದೆಯ ಮೂಲಕವೇ.

ಟೆಸ್ಟರ್ ಹತ್ತಿದರೆ ಕರೆಂಟಿದೆ. ಹತ್ತದಿದ್ದರೆ ಕರೆಂಟಿಲ್ಲ ಎಂದಲ್ಲ. ಅದರ ದೀಪ ಕೆಟ್ಟಿರಬಹುದು, ಬೆಳಕಿನಲ್ಲಿ ಕಾಣದಿರಬಹುದು. ಮೊದಲು ಕರೆಂಟಿರುವ ಸಾಕೆಟ್ಟಿನಲ್ಲಿ ಹತ್ತುತ್ತದೆಯೇ ನೋಡಿ.

ಸ್ವಿಚ್ ಆಫ್ ಮಾಡಿ ಬಲ್ಬ್ ಬದಲಿಸುವಾಗಲೂ ಜೋಪಾನ. ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್‌ಗೆ ಕೊಟ್ಟಿದ್ದರೆ ಬಲ್ಬ್ ಆರುತ್ತದೆ, ಹೋಲ್ಡರಿನಲ್ಲಿ ಕರೆಂಟು ಉಳಿಯುತ್ತದೆ. ಮೇನ್ ಆಫ್ ಮಾಡಿ. ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ, ಏಕೆಂದರೆ ಮೇನ್ ತೆಗೆದ ಕೂಡಲೇ ಅದು ತನ್ನ ಕೆಲಸ ಶುರುಮಾಡುತ್ತದೆ.

ಯಾರಿಗಾದರೂ ಶಾಕ್ ಹೊಡೆದರೆ

ಮಣ್ಣಿನಲ್ಲಿ ಮಲಗಿಸಿದರೆ ದೇಹದ ಕರೆಂಟು ಇಳಿಯುತ್ತದೆ ಎಂಬ ಫಾರ್ವರ್ಡ್ ಪೂರ್ತಿ ಸುಳ್ಳು. ದೇಹ ಕರೆಂಟನ್ನು ಕೂಡಿಟ್ಟುಕೊಳ್ಳುವುದಿಲ್ಲ. ಲೈನು ಕಡಿದ ಮೇಲೆ ಅವರನ್ನು ಮುಟ್ಟಿದರೆ ನಿಮಗೆ ಏನೂ ಆಗುವುದಿಲ್ಲ. ಅದಕ್ಕೂ ಮುಂಚೆ ಮಾತ್ರ ಮುಟ್ಟಬೇಡಿ. ಮೊದಲು ಮೇನ್ ತೆಗೆಯಿರಿ. ಆಗದಿದ್ದರೆ ಒಣ ಮರದ ಕೋಲಿನಿಂದಲೋ ಪ್ಲಾಸ್ಟಿಕ್ ಕುರ್ಚಿಯಿಂದಲೋ ದೂಡಿ ಬಿಡಿಸಿ. ಇದು ಮನೆಯೊಳಗಿನ ಕರೆಂಟಿಗೆ ಮಾತ್ರ. ಬೀದಿಯ ತಂತಿಯಾದರೆ ಹತ್ತಿರ ಹೋಗದೆ 1912ಕ್ಕೆ ಕರೆ ಮಾಡಿ.

ಪ್ರಜ್ಞೆ ಇಲ್ಲದೆ, ಉಸಿರಾಟವೂ ಸರಿಯಾಗಿಲ್ಲದಿದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಿ. ಆಂಬುಲೆನ್ಸ್ ಬರುವ ತನಕ ನಿಲ್ಲಿಸಬೇಡಿ. ಎದ್ದು ಕೂತು "ಏನೂ ಆಗಿಲ್ಲ" ಎಂದರೂ, ಒಮ್ಮೆ ಪ್ರಜ್ಞೆ ತಪ್ಪಿದ್ದರೆ ಅಥವಾ ಎದೆ ಡವಗುಡುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಬೇಕು. ಚರ್ಮದ ಮೇಲಿನ ಸುಟ್ಟ ಗುರುತು ಚಿಕ್ಕದಿದ್ದರೂ ಒಳಗಿನ ಗಾಯ ದೊಡ್ಡದಿರಬಹುದು.