ಜ್ಯಾಕ್ಸನ್ನಿನ ಹೋಟೆಲು, ನಮ್ಮೂರ ಲೋಟ

1964ರ ಮೇ ತಿಂಗಳು. ಅಮೆರಿಕದ ಮಿಸಿಸಿಪಿ ರಾಜ್ಯದ ಜ್ಯಾಕ್ಸನ್ ಪಟ್ಟಣದಲ್ಲಿ ಡಾ. ರಾಮಮನೋಹರ ಲೋಹಿಯಾ ಧೋತರ ಉಟ್ಟು ಒಂದು ಹೋಟೆಲಿಗೆ ಊಟಕ್ಕೆ ಹೋದರು. ಅದು ಬಿಳಿಯರಿಗೆ ಮಾತ್ರ ಮೀಸಲಾದ ಹೋಟೆಲು. ಹೊರಟುಹೋಗಿ ಎಂದರು, ಅವರು ಕದಲಲಿಲ್ಲ. ಪೊಲೀಸರು ಹಿಡಿದು ವ್ಯಾನಿಗೆ ಹತ್ತಿಸಿದರು. ಆಮೇಲೆ ಅಮೆರಿಕದ ಸರ್ಕಾರ ವಿಷಾದ ಸೂಚಿಸಿತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡು ಗೇಣಿದಾರರ ಜೊತೆ ನಿಂತು ಸೆರೆಯಾಗಿದ್ದ ಮನುಷ್ಯನಿಗೆ ಇದೇನೂ ಹೊಸದಲ್ಲ.

ಈ ಸಂಗತಿಯನ್ನು ನಮ್ಮವರು ಹೋಟೆಲಿನ ಬೆಂಚಿನ ಮೇಲೆ ಕೂತು ಅಭಿಮಾನದಿಂದ ಹೇಳುತ್ತಾರೆ. ಹೇಳಲಿ. ಆದರೆ ಆ ಹೋಟೆಲಿನ ಹೊರಗೋಡೆಯ ಗೂಡಿನಲ್ಲಿ ಬೇರೆ ಲೋಟವೊಂದು ಬೋರಲಾಗಿದ್ದರೆ, ಅದು ಯಾರಿಗೆಂದು ಕೇಳುವವರು ಎಷ್ಟು ಮಂದಿ? ಹರಳಯ್ಯ, ಮಧುವರಸರ ಮನೆಗಳ ಮದುವೆಯಿಂದ ಕಲ್ಯಾಣ ಕದಡಿದ ಕಥೆ ಕೇಳಿ ಬೆಳೆದ ಜಿಲ್ಲೆ ನಮ್ಮದು!

ಕಾಯಿದೆಗೇನೂ ಕೊರತೆಯಿಲ್ಲ. ಹೋಟೆಲು, ಅಂಗಡಿಗಳ ಬಾಗಿಲನ್ನು ಕಪ್ಪು ಜನರಿಗೆ ತೆರೆದ ಅಮೆರಿಕದ ನಾಗರಿಕ ಹಕ್ಕುಗಳ ಕಾಯಿದೆ ಬಂದದ್ದು 1964ರ ಜುಲೈಯಲ್ಲಿ. ನಮ್ಮ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ 1955ರದು. 1976ರಲ್ಲಿ ಅದಕ್ಕೂ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂದೇ ಹೆಸರಾಯಿತು. ಕಾಗದದ ಮೇಲೆ ನಾವು ಒಂಬತ್ತು ವರ್ಷ ಮುಂದಿದ್ದೆವು.

ಅವರ ಬಲ ಎಲ್ಲಿತ್ತು? ಮಾಂಟ್ಗೊಮೆರಿ ಪಟ್ಟಣವನ್ನು ನೋಡಿ. 1955ರ ಡಿಸೆಂಬರ್ 1ರಂದು ದರ್ಜಿ ಕೆಲಸದ ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡಲೊಪ್ಪದೆ ಬಂಧನಕ್ಕೊಳಗಾದರು. ಜಾಮೀನಿಗೆ ಓಡಿದವರು ರೈಲ್ವೆ ಪೋರ್ಟರುಗಳ ಸಂಘದ ಇ. ಡಿ. ನಿಕ್ಸನ್. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಜೋ ಆನ್ ರಾಬಿನ್ಸನ್ ರಾತ್ರಿಯೆಲ್ಲ ಕೂತು ಸಾವಿರಾರು ಕರಪತ್ರ ತೆಗೆದರು. ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಮುಂದಾಳಾದದ್ದು ಇದಾದ ಮೇಲೆ. ನಾವು ಮಾತ್ರ ಅವರೊಬ್ಬರ ಪಟಕ್ಕೇ ಹಾರ ಹಾಕುತ್ತೇವೆ. ಅಡಿಗೆಯವರು, ಮನೆಗೆಲಸದವರು, ಕೂಲಿಗಳು 381 ದಿನ ಬಸ್ ಹತ್ತಲಿಲ್ಲ. ಕಂಪನಿಯ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಅವರೇ. ಗಲ್ಲಾಪೆಟ್ಟಿಗೆ ಬರಿದಾಯಿತು, 1956ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪೂ ಅವರ ಕಡೆಗಾಯಿತು.

ಅಲ್ಲಿ ಬಡವರು ಹಿಡಿದ ಬಹಿಷ್ಕಾರ ನಮ್ಮಲ್ಲಿ ಉಳ್ಳವರ ಆಯುಧ. ದಲಿತ ಹುಡುಗ ಹೋಟೆಲಿನೊಳಗೆ ಕಾಲಿಟ್ಟರೆ ಅವನ ಕೇರಿಗೆ ಕೂಲಿಯಿಲ್ಲ, ಕಿರಾಣಿಯಿಲ್ಲ, ಹಿಟ್ಟಿನ ಗಿರಣಿಯಿಲ್ಲ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲುಗಳ ಪ್ರವೇಶದ ಜಗಳ 2014ರಲ್ಲಿ ಗುಡಿಸಲುಗಳಿಗೆ ಬೆಂಕಿಯಿಡುವವರೆಗೆ ಹೋಯಿತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿಯಲ್ಲಿ ಬಹುಮಂದಿಗೆ ಜಾಮೀನಾಯಿತು.

ಸಣ್ಣ ವ್ಯಾಪಾರಿ ಹೇಳುವ ಮಾತೊಂದಿದೆ: ‘ನನಗೇನೂ ಭೇದವಿಲ್ಲ ಗುರುಗಳೇ, ಗಿರಾಕಿ ಬಿಟ್ಟಾರೆಂಬ ಅಂಜಿಕೆ.’ ಸುಳ್ಳೆನ್ನಲಾರೆ. ಊರ ಮುಖಂಡರು ದಂಡ ಹಾಕುವುದು ಅವನಿಗೇ. ಹಾಗಾದರೆ ಗಿರಾಕಿಯೇ ಮಾತಾಡಬೇಕು. ಜನವಾಡ, ಭಾಲ್ಕಿ, ಔರಾದಗಳ ಕಾರ್ಮಿಕ ಬಂಧುಗಳೇ, ಪಾಳಿ ಬಿಟ್ಟ ಮೇಲೆ ಚಹಾಕ್ಕೆ ಕೂರುವವರು ನೀವೇ ತಾನೆ? ಎಲ್ಲರಿಗೂ ಒಂದೇ ಲೋಟ ಇಡುವ ಅಂಗಡಿಗೇ ಸಂಘದವರೆಲ್ಲ ಹೋಗೋಣ. ಅವನಿಗೆ ದಂಡ ಹಾಕಿದರೆ ಅವನ ಜೊತೆ ಠಾಣೆಗೂ ಹೋಗೋಣ. ದಲಿತರಿಗೆ ಬಹಿಷ್ಕಾರ ಹಾಕುವುದನ್ನು 2015ರ ತಿದ್ದುಪಡಿ ದೌರ್ಜನ್ಯದ ಅಪರಾಧವೆಂದೇ ಬರೆದಿದೆ. ಮುಂದಿನ ಸಂಬಳದ ದಿನ ಸಂಘದ ಸಭೆಯಲ್ಲಿ ಮೊದಲು ಇದನ್ನೇ ಎತ್ತಿಕೊಳ್ಳಿರಿ.