ಗೇಮ್ ಮಾಡ್‌ಗಳ ಹಂಚಿಕೆ: ಅಧಿಕೃತ ವೇದಿಕೆಗಳು ಮತ್ತು ಸ್ವತಂತ್ರ ತಾಣಗಳು

ವಿಡಿಯೋ ಗೇಮ್‌ಗೆ ಆಟಗಾರರೇ ಸಿದ್ಧಪಡಿಸುವ ಮಾರ್ಪಾಡು ಅಥವಾ ಸೇರ್ಪಡೆಯನ್ನು ಮಾಡ್ ಎನ್ನುತ್ತಾರೆ. ಮಾಡ್‌ಗಳು ಗೇಮಿನೊಂದಿಗೇ ಬರುವ ಅಧಿಕೃತ ವೇದಿಕೆಗಳಲ್ಲಿ ಅಥವಾ ಅಭಿಮಾನಿಗಳ ಸ್ವತಂತ್ರ ತಾಣಗಳಲ್ಲಿ ದೊರೆಯುತ್ತವೆ. ಇವುಗಳ ಮೇಲಿನ ಹತೋಟಿ ಯಾರದೆಂಬುದು ವಿವಾದದ ವಿಷಯವಾಗಿದೆ.

ಕರ್ನಾಟಕದಲ್ಲಿ ಪರಿಚಿತವಾದ ಉದಾಹರಣೆ, ಮಾಲಿಯೊ ಸಂಸ್ಥೆ 2017ರಲ್ಲಿ ಹೊರತಂದ 'ಬಸ್ ಸಿಮ್ಯುಲೇಟರ್ ಇಂಡೊನೇಷ್ಯಾ' ಎಂಬ ಮೊಬೈಲ್ ಗೇಮ್. ಇದರಲ್ಲಿ ಬಸ್ಸಿನ ಹೊರಮೈ ವಿನ್ಯಾಸವನ್ನೂ ವಾಹನದ ಮಾದರಿಯನ್ನೂ ಆಟಗಾರರು ತಾವೇ ಸೇರಿಸಬಹುದು. ಹೀಗಾಗಿ ಕೊಳ್ಳೇಗಾಲ–ಯಳಂದೂರು–ಚಾಮರಾಜನಗರ ಹೆದ್ದಾರಿಯಲ್ಲಿ ನಿತ್ಯ ಕಾಣುವ ಕೆಎಸ್‌ಆರ್‌ಟಿಸಿಯ ಕೆಂಪು ಬಸ್ಸು ಮೊಬೈಲ್ ಪರದೆಗೂ ಬಂದಿದೆ. ಓಡುವುದು ಮಾತ್ರ ಇಂಡೊನೇಷ್ಯಾದ ರಸ್ತೆಗಳಲ್ಲಿ. ಇಂತಹ ಮಾಡ್‌ಗಳು ಬಹುಪಾಲು ಸ್ವತಂತ್ರ ಜಾಲತಾಣಗಳು ಹಾಗೂ ಯೂಟ್ಯೂಬ್ ಕೊಂಡಿಗಳ ಮೂಲಕ ಹರಡುತ್ತವೆ. ಮೂಲ ತಯಾರಕರ ಹೆಸರನ್ನು ಕೈಬಿಟ್ಟು ಕಡತವನ್ನು ಮರುಹಂಚುವುದು ಇಲ್ಲಿ ಸುಲಭ. ಆದ್ದರಿಂದಲೇ ಕೆಲವರು ಕಡತಗಳಿಗೆ ಪಾಸ್‌ವರ್ಡ್ ಹಾಕುತ್ತಾರೆ.

ವಾಲ್ವ್ ಕಂಪನಿ 2011ರಲ್ಲಿ ಆರಂಭಿಸಿದ ಸ್ಟೀಮ್ ವರ್ಕ್‌ಶಾಪ್‌ನಲ್ಲಿ ಮಾಡ್‌ಗಳು ತಾವಾಗಿಯೇ ಸ್ಥಾಪನೆಗೊಂಡು ನವೀಕರಣಗೊಳ್ಳುತ್ತವೆ. ಆದರೆ ಅದೇ ಗೇಮನ್ನು ಬೇರೆ ಮಳಿಗೆಯಲ್ಲಿ ಕೊಂಡವರಿಗೆ ಸಾಮಾನ್ಯವಾಗಿ ಅಲ್ಲಿ ಪ್ರವೇಶವಿಲ್ಲ. 2015ರ ಏಪ್ರಿಲ್‌ನಲ್ಲಿ ಅಲ್ಲಿ 'ಸ್ಕೈರಿಮ್' ಗೇಮಿನ ಮಾಡ್‌ಗಳ ಮಾರಾಟಕ್ಕೆ ಅವಕಾಶ ನೀಡಲಾಯಿತು. ತಯಾರಕರ ಪಾಲು ಶೇ. 25 ಮಾತ್ರ. ತೀವ್ರ ವಿರೋಧದಿಂದಾಗಿ ಕೆಲವೇ ದಿನಗಳಲ್ಲಿ ಯೋಜನೆಯನ್ನು ಹಿಂಪಡೆಯಲಾಯಿತು.

ಸ್ವತಂತ್ರ ತಾಣವೆಂದ ಮಾತ್ರಕ್ಕೆ ತಯಾರಕರ ಮಾತೇ ನಡೆಯುತ್ತದೆ ಎನ್ನಲಾಗದು. 2001ರಲ್ಲಿ ಅಭಿಮಾನಿ ತಾಣವಾಗಿ ಆರಂಭವಾದ ನೆಕ್ಸಸ್ ಮಾಡ್ಸ್, ಒಮ್ಮೆ ಏರಿಸಿದ ಕಡತಗಳನ್ನು ತಯಾರಕರು ಶಾಶ್ವತವಾಗಿ ಅಳಿಸುವಂತಿಲ್ಲವೆಂದು 2021ರಲ್ಲಿ ಪ್ರಕಟಿಸಿತು. ಒಪ್ಪದವರಿಗೆ ಸುಮಾರು ಒಂದು ತಿಂಗಳ ಗಡುವು ಸಿಕ್ಕಿತು; ಹಲವರು ತಮ್ಮ ಮಾಡ್‌ಗಳನ್ನು ಅಲ್ಲಿಂದ ತೆಗೆಸಿದರು.