ಗಡುವು ದಾಟಿದ ಮೇಲಿನ ಮದುವೆ

ಅಕ್ಕನ ಬಾಣಂತನಕ್ಕೆಂದು ತಾಯಿಯ ಜೊತೆ ಅಮೆರಿಕಕ್ಕೆ ಹೋದ ತಂಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಊರು ಹಾಸನವೇ ಇರಲಿ, ಶಿವಮೊಗ್ಗವೇ ಇರಲಿ. ಚೆನ್ನೈನ ಕಾನ್ಸುಲೇಟಿನ ಮುಂದೆ ಸಾಲು ನಿಂತು ಪಡೆದ ಪ್ರವಾಸಿ ವೀಸಾ. ಪಾಸ್‌ಪೋರ್ಟಿನಲ್ಲಿ ಹತ್ತು ವರ್ಷದ ಮುದ್ರೆ. ಐದು ತಿಂಗಳಿಗೆ ತಾಯಿ ಹಿಂದಿರುಗಿದರು, ತಂಗಿ ಉಳಿದಳು. ಮೊದಲು ಮಗುವಿನ ನೆಪ, ಆಮೇಲೆ ಚಳಿಗಾಲದ ನೆಪ, ಆಮೇಲೆ ನೆಪವೇ ಬೇಕಾಗಲಿಲ್ಲ. ಎರಡು ವರ್ಷ ಕಳೆಯಿತು. ಅಷ್ಟರಲ್ಲಿ ಕನ್ನಡ ಕೂಟದ ಯುಗಾದಿ ಊಟದಲ್ಲಿ ಪರಿಚಯವಾದ ಹುಡುಗನೊಂದಿಗೆ ಮದುವೆಯ ಮಾತು ಬಂತು. ಅವನು ಅಲ್ಲೇ ಹುಟ್ಟಿದವನು, ಅಮೆರಿಕದ ಪ್ರಜೆ.

ಸುದ್ದಿ ಊರಿಗೆ ಬಂದ ಕೂಡಲೇ ಮನೆಯ ಹಿರಿಯರು ಹೇಳುವ ಮಾತು ಒಂದೇ: 'ಆದದ್ದು ಆಯಿತು. ಮೊದಲು ಊರಿಗೆ ಬಂದುಬಿಡು. ಇಲ್ಲೇ ಮದುವೆ ಮಾಡಿಕೊಂಡು, ಸರಿಯಾದ ವೀಸಾ ತೆಗೆದುಕೊಂಡು, ಮುಂಬಾಗಿಲಿನಿಂದಲೇ ಹೋಗು.' ತಪ್ಪು ಮಾಡಿದವರು ತಿದ್ದಿಕೊಳ್ಳಬೇಕಾದ ರೀತಿಯೇ ಅದು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಅಮೆರಿಕದ ವಲಸೆ ಕಾನೂನಿನ ಲೆಕ್ಕದಲ್ಲಿ ಆ ಹುಡುಗಿಗೆ ಕೊಡಬಹುದಾದ ಅತ್ಯಂತ ಕೆಟ್ಟ ಸಲಹೆ ಇದೇ.

ಅದು ಏಕೆ ಎಂಬುದಕ್ಕೆ ಮೊದಲು ಆ ಹತ್ತು ವರ್ಷದ ಮುದ್ರೆಯ ವಿಷಯ. ಹತ್ತು ವರ್ಷದ ವೀಸಾ ಎಂದರೆ ಹತ್ತು ವರ್ಷ ಇರಬಹುದೆಂದು ನಂಬಿದ ಎಷ್ಟೋ ಮಂದಿ ಇದ್ದಾರೆ. ವೀಸಾ ಎಂಬುದು ಬಾಗಿಲು ತಟ್ಟುವ ಅನುಮತಿ ಮಾತ್ರ. ಒಳಗೆ ಎಷ್ಟು ದಿನ ಕೂರಬಹುದು ಎಂಬುದನ್ನು ತೀರ್ಮಾನಿಸುವವನು ವಿಮಾನ ನಿಲ್ದಾಣದ ಕೌಂಟರಿನ ಅಧಿಕಾರಿ. ಅವನು ಬರೆಯುವ ದಾಖಲೆಯ ಹೆಸರು ಐ-94. ಪ್ರವಾಸಿಗಳಿಗೆ ಸಾಮಾನ್ಯವಾಗಿ 6 ತಿಂಗಳು. ಹಿಂದೆ ಇದು ಪಾಸ್‌ಪೋರ್ಟಿಗೆ ಪಿನ್ನು ಹೊಡೆದ ಬಿಳಿಯ ಚೀಟಿಯಾಗಿತ್ತು. 2013ರಿಂದ ವಿಮಾನದಲ್ಲಿ ಬರುವವರಿಗೆ ಚೀಟಿ ಕೊಡುವ ಪದ್ಧತಿ ನಿಂತು, ದಾಖಲೆ ಕಂಪ್ಯೂಟರಿಗೆ ಹೋಯಿತು. ಚೀಟಿ ಕಣ್ಣಿಗೆ ಬೀಳುತ್ತಿದ್ದಾಗಲೇ ತಾರೀಖು ಮರೆಯುತ್ತಿದ್ದವರು, ಕಾಣದ ಚೀಟಿಯ ತಾರೀಖನ್ನು ನೆನಪಿಟ್ಟುಕೊಳ್ಳುವುದು ಇನ್ನೂ ಕಷ್ಟ.

ಆದರೂ ಗಡುವು ಮೀರಿದವರನ್ನು ಮುಂದೆ ಕಾಪಾಡುವುದು ಅದೇ ಚೀಟಿ. ಅಮೆರಿಕದೊಳಗೇ ಕುಳಿತು ಪ್ರವಾಸಿಯ ಸ್ಥಾನದಿಂದ ಕಾಯಂ ನಿವಾಸಿಯ ಸ್ಥಾನಕ್ಕೆ, ಅಂದರೆ ಗ್ರೀನ್ ಕಾರ್ಡಿಗೆ, ಬದಲಾಗುವ ಅವಕಾಶವನ್ನು ವಲಸೆ ಕಾಯಿದೆಯ 245ನೆಯ ಕಲಂ ಕೊಡುತ್ತದೆ. ಅದರ ಮುಖ್ಯ ಷರತ್ತು, ಅರ್ಜಿದಾರರು ಅಧಿಕಾರಿಯ ಎದುರಿಗೆ ಬಂದು, ತಪಾಸಣೆಯಾಗಿ ಒಳಗೆ ಬಿಡಲ್ಪಟ್ಟವರಾಗಿರಬೇಕು. ಗಡುವು ಮೀರಿದವರಿಗೂ, ಅನುಮತಿಯಿಲ್ಲದೆ ಕೆಲಸ ಮಾಡಿದವರಿಗೂ ಈ ಅವಕಾಶವಿಲ್ಲ ಎಂದು ಅದೇ ಕಲಂ ಹೇಳುತ್ತದೆ. ಹೇಳಿದ ಮೇಲೆ ಒಂದು ವಿನಾಯಿತಿಯನ್ನೂ ಕೊಡುತ್ತದೆ. ಅಮೆರಿಕದ ಪ್ರಜೆಯ ಗಂಡ ಅಥವಾ ಹೆಂಡತಿ, 21 ವರ್ಷದೊಳಗಿನ ಮದುವೆಯಾಗದ ಮಕ್ಕಳು, 21 ತುಂಬಿದ ಪ್ರಜೆಯ ತಂದೆತಾಯಿ, ಇವರನ್ನು ಕಾನೂನು 'ಹತ್ತಿರದ ಸಂಬಂಧಿಗಳು' ಎಂದು ಕರೆಯುತ್ತದೆ. ಗಡುವು ಮೀರಿದ್ದು, ಅಕ್ಕಪಕ್ಕದವರ ಮಗುವನ್ನು ನೋಡಿಕೊಂಡು ನಾಲ್ಕು ಕಾಸು ಸಂಪಾದಿಸಿದ್ದು, ಇವೆರಡೂ ಇವರ ಪಾಲಿಗೆ ಅಡ್ಡಿಯಾಗುವುದಿಲ್ಲ.

ವಿನಾಯಿತಿ ಇರುವುದು ಪ್ರಜೆಯ ಹೆಂಡತಿಗೆ ಎಂಬುದನ್ನು ಮರೆಯಬಾರದು. ಹುಡುಗನ ಬಳಿ ಇರುವುದು ಬರೀ ಗ್ರೀನ್ ಕಾರ್ಡ್ ಆದರೆ ಈ ಬಾಗಿಲು ತೆರೆಯುವುದಿಲ್ಲ. ಅವನು ಪೌರತ್ವ ಪಡೆಯುವವರೆಗೆ, ಸಾಮಾನ್ಯವಾಗಿ ಕಾರ್ಡ್ ಸಿಕ್ಕಿ 5 ವರ್ಷವಾಗುವವರೆಗೆ, ಕಾಯಬೇಕು. ಗಡಿ ಬೇಲಿ ದಾಟಿ ಯಾರ ಕಣ್ಣಿಗೂ ಬೀಳದೆ ಒಳಬಂದವರಿಗಂತೂ, ಪ್ರಜೆಯನ್ನೇ ಮದುವೆಯಾದರೂ, ಒಳಗಿದ್ದುಕೊಂಡೇ ಕಾರ್ಡ್ ಪಡೆಯುವ ದಾರಿ ಬಹುಮಟ್ಟಿಗೆ ಮುಚ್ಚಿದೆ. 1994ರಲ್ಲಿ ದಂಡ ಕಟ್ಟಿ ಒಳಗೇ ಸರಿಮಾಡಿಕೊಳ್ಳಲು ಒಂದು ಉಪಕಲಂ ಬಂದಿತ್ತು. 2001ರ ಏಪ್ರಿಲ್ 30ರೊಳಗೆ ಯಾರ ಹೆಸರಿನಲ್ಲಿ ಅರ್ಜಿ ಬಿದ್ದಿತ್ತೋ ಅವರಿಗೆ ಮಾತ್ರ ಈಗ ಅದು ಉಪಯೋಗ.

ಇನ್ನು 'ಊರಿಗೆ ಬಂದುಬಿಡು' ಎಂಬ ಸಲಹೆ. 1996ರ ಸೆಪ್ಟೆಂಬರ್ 30ರಂದು ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಕಾಯಿದೆಯೊಂದು 1997ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ಗಡುವು ಮೀರಿ 180 ದಿನಕ್ಕಿಂತ ಹೆಚ್ಚು ಇದ್ದು ಹೊರಟವರಿಗೆ 3 ವರ್ಷ, ಒಂದು ವರ್ಷ ಅಥವಾ ಹೆಚ್ಚು ಇದ್ದು ಹೊರಟವರಿಗೆ 10 ವರ್ಷ ಮತ್ತೆ ಪ್ರವೇಶವಿಲ್ಲ. ಇಲ್ಲಿ ಗಮನಿಸಬೇಕಾದ ಪದ 'ಹೊರಟವರಿಗೆ'. ಒಳಗೆ ಕುಳಿತಿರುವವರೆಗೆ ಈ ಶಿಕ್ಷೆ ಮಲಗಿರುತ್ತದೆ. ವಿಮಾನ ಹತ್ತಿದ ಕ್ಷಣ ಎದ್ದು ನಿಲ್ಲುತ್ತದೆ. ಹಿರಿಯರ ಮಾತು ಕೇಳಿ, ಎರಡು ವರ್ಷ ಗಡುವು ಮೀರಿದ ತಂಗಿ ಬೆಂಗಳೂರಿನಲ್ಲಿ ಇಳಿದಳು ಎನ್ನಿ. ಶಾಸ್ತ್ರೋಕ್ತವಾಗಿ ಧಾರೆಯಾಗಿ, ಮದುವೆ ನೋಂದಣಿಯ ಪತ್ರ ಹಿಡಿದು ಅವಳು ಕಾನ್ಸುಲೇಟಿಗೆ ಹೋದರೂ ಉತ್ತರ ಒಂದೇ, 10 ವರ್ಷ. ಅವಳು ಬಾರದೆ ಗಂಡನಿಗೆ ವಿಪರೀತ ಕಷ್ಟವಾಗುತ್ತದೆ ಎಂದು ತೋರಿಸಿ ಮನ್ನಾ ಕೇಳಬಹುದು. ಆದರೆ ಗಂಡಹೆಂಡತಿ ಅಗಲಿದಾಗ ಆಗುವ ಮಾಮೂಲು ಸಂಕಟ ಆ 'ವಿಪರೀತ'ದ ಅಳತೆಗೆ ಸಾಲದು.

ಕೂತರೆ ಕ್ಷಮೆ, ಎದ್ದರೆ ಶಿಕ್ಷೆ. ಗಡುವು ಮೀರಿ ಇರಬಾರದೆಂದು ಮಾಡಿದ ಕಾನೂನು, ಮೀರಿದವರನ್ನು ಹೊರಗೆ ಹೋಗದಂತೆ ಕಟ್ಟಿಹಾಕುತ್ತದೆ. ಶಾಸನ ಬರೆದವರಿಗೆ ಇದು ಹೊಳೆಯಲಿಲ್ಲವೇ ಎಂದು ಆಶ್ಚರ್ಯಪಡುವುದು ಬಿಟ್ಟು ಬೇರೆ ದಾರಿಯಿಲ್ಲ.

ಆದ್ದರಿಂದ ಮದುವೆ ಅಲ್ಲೇ ಆಗಬೇಕು. ದೇವಸ್ಥಾನದಲ್ಲಾದರೂ ಸರಿ, ಆದರೆ ಕೌಂಟಿ ಕಚೇರಿಯಿಂದ ಮೊದಲು ಪರವಾನಗಿ ಪಡೆದಿರಬೇಕು. ತಾಳಿ ಕಟ್ಟಿಸಿದ ಪುರೋಹಿತರು ಆ ಕಾಗದಕ್ಕೆ ಸಹಿ ಹಾಕಬೇಕು. ಅಲ್ಲಿಂದಾಚೆಗೆ ಕಾಗದದ ಕೆಲಸ. ಗಂಡನಿಂದ ಐ-130, ಹೆಂಡತಿಯಿಂದ ಐ-485, ಎರಡನ್ನೂ ಒಟ್ಟಿಗೇ ಸಲ್ಲಿಸಬಹುದು. ಜೊತೆಗೆ ಕೆಲಸದ ಪರವಾನಗಿಯ ಅರ್ಜಿ. ವೈದ್ಯಕೀಯ ತಪಾಸಣೆಯನ್ನು ಸರಕಾರ ನೇಮಿಸಿದ ಡಾಕ್ಟರರೇ ಮಾಡಬೇಕು. ಅವರಿಗೆ ಅಲ್ಲಿ 'ಸಿವಿಲ್ ಸರ್ಜನ್' ಎಂಬ ಹೆಸರು. ನಮಗೆ ಬ್ರಿಟಿಷರ ಕಾಲದ ಆಸ್ಪತ್ರೆಗಳನ್ನು ನೆನಪಿಸುವ ಬಿರುದು ಅಲ್ಲೂ ಉಸಿರಾಡುತ್ತಿದೆ. ಮತ್ತೊಂದು ಹೆಸರಿನಿಂದ ಮೋಸ ಹೋಗುವವರು ಬಹಳ. ನಮ್ಮಲ್ಲಿ ನೋಟರಿ ಎಂದರೆ ವಕೀಲರು. ಅಲ್ಲಿ ಸಾಮಾನ್ಯವಾಗಿ ನೋಟರಿ ಎಂದರೆ ಸಹಿಗೆ ಸಾಕ್ಷಿಯಾಗುವವನು, ಅಷ್ಟೇ. ಬೋರ್ಡು ನೋಡಿ ಒಳಹೊಕ್ಕು ಅರ್ಜಿ ಬರೆಸಿ ಕೆಟ್ಟವರಿದ್ದಾರೆ.

ಗಂಡನ ಆದಾಯ, ಸರಕಾರ ನಿಗದಿ ಮಾಡುವ ಬಡತನ ರೇಖೆಯ ಶೇ. 125ರಷ್ಟಿರಬೇಕು. ಸಾಲದಿದ್ದರೆ ಇನ್ನೊಬ್ಬರು, ಅಕ್ಕನ ಗಂಡನೇ ಪ್ರಜೆಯೋ ಗ್ರೀನ್ ಕಾರ್ಡಿನವನೋ ಆಗಿದ್ದರೆ ಅವನೇ, ಜಾಮೀನು ನಿಲ್ಲಬಹುದು. ಸಹಿ ಹಾಕುವ ಮೊದಲು ಭಾವ ಒಂದು ವಿಷಯ ತಿಳಿದಿರಲಿ. ಮುಂದೆ ಆ ದಂಪತಿ ವಿಚ್ಛೇದನ ಪಡೆದರೂ ಈ ಜಾಮೀನು ಬಿಡುವುದಿಲ್ಲ.

ಕ್ಷಮೆ ಸಿಗದ ತಪ್ಪುಗಳೂ ಇವೆ. ಕೆಲಸಕ್ಕೆ ಸೇರುವಾಗ ತುಂಬುವ ಫಾರಂನಲ್ಲಿ 'ನಾನು ಅಮೆರಿಕದ ಪ್ರಜೆ' ಎಂಬ ಚೌಕಕ್ಕೆ ಗುರುತು ಹಾಕಿದ್ದರೆ ಮುಗಿಯಿತು. 1996ರ ಕಾಯಿದೆಯ ನಂತರ ಈ ಸುಳ್ಳಿಗೆ ಕಾರ್ಡಿನ ಮಟ್ಟಿಗೆ ಮನ್ನಾ ಎಂಬುದಿಲ್ಲ. ಎರಡು ವರ್ಷ ಗಡುವು ಮೀರಿದ್ದು ಕ್ಷಮಾರ್ಹ, ಒಂದು ಚೌಕದೊಳಗಿನ ಗೀಟು ಅಲ್ಲ. ಇನ್ನು ದುಡ್ಡು ಕೊಟ್ಟು ಮಾಡಿಕೊಂಡ ಹುಸಿ ಮದುವೆ. 1990ರಲ್ಲಿ ಪೀಟರ್ ವಿಯರ್ 'ಗ್ರೀನ್ ಕಾರ್ಡ್' ಎಂಬ ಸಿನಿಮಾ ತೆಗೆದು ಇದನ್ನು ನಗೆಯ ವಸ್ತುವಾಗಿಸಿದ. ಕಾನೂನಿನಲ್ಲಿ ಇದಕ್ಕೆ 5 ವರ್ಷದವರೆಗೆ ಸೆರೆ, 2,50,000 ಡಾಲರ್‌ವರೆಗೆ ದಂಡ. ಅಷ್ಟೇ ಅಲ್ಲ, ಮುಂದೆ ನಿಜವಾದ ಮದುವೆಯಾದರೂ ಆ ಅರ್ಜಿ ಮಂಜೂರಾಗುವುದಿಲ್ಲ.

ಅದಕ್ಕೇ ಸಂದರ್ಶನ. ಅಧಿಕಾರಿ ನೋಡುವುದು ಸಂಸಾರದ ಗುರುತುಗಳನ್ನು: ಇಬ್ಬರ ಹೆಸರಿನ ಬಾಡಿಗೆ ಕರಾರು, ಜಂಟಿ ಬ್ಯಾಂಕ್ ಖಾತೆ, ವಿಮೆ, ತೆರಿಗೆ ಕಾಗದ, ಫೋಟೋಗಳು. ಸಂಶಯ ಬಂದರೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಅದದೇ ಪ್ರಶ್ನೆ ಕೇಳುತ್ತಾರೆ. 1976ರ ನ್ಯೂಯಾರ್ಕ್ ಮೊಕದ್ದಮೆಯೊಂದರಿಂದಾಗಿ ಇದಕ್ಕೆ 'ಸ್ಟೋಕ್ಸ್ ಸಂದರ್ಶನ' ಎಂಬ ಹೆಸರು. ಮನೆಯಲ್ಲಿ ಮೊದಲು ಏಳುವವರು ಯಾರು, ಕಾಫಿಗೆ ಸಕ್ಕರೆ ಎಷ್ಟು ಎಂಬಂಥ ಪ್ರಶ್ನೆಗಳು. ನಮ್ಮವರಿಗೆ ಕಷ್ಟವಾಗುವುದು ಫೋಟೋಗಳಲ್ಲಿ. ಛತ್ರ ತುಂಬಿ ತುಳುಕುವ ಮದುವೆಯ ಊರಿನವಳು, ಆಲ್ಬಮ್ಮಿನಲ್ಲಿ ಮಾತ್ರ ಹದಿನೈದು ಜನ. ತಂದೆತಾಯಿ ಏಕೆ ಬರಲಿಲ್ಲ ಎಂದು ಅಧಿಕಾರಿ ಕೇಳಿದರೆ, ಅವರ ಹೊಸ ವೀಸಾ ಅರ್ಜಿ ತಿರಸ್ಕೃತವಾಯಿತು ಎಂಬುದೇ ನಿಜವಾದ ಉತ್ತರವಾಗಿರಬಹುದು.

ಅರ್ಜಿ ಮಂಜೂರಾಗುವ ದಿನಕ್ಕೆ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡೇ ವರ್ಷದ ಷರತ್ತಿನ ಕಾರ್ಡ್. ಇದು 1986ರ ತಿದ್ದುಪಡಿ. ಆ ಎರಡು ವರ್ಷ ಮುಗಿಯುವ ಮುನ್ನ ಗಂಡಹೆಂಡತಿ ಸೇರಿ ಮತ್ತೆ ಅರ್ಜಿ ಹಾಕಬೇಕು. ಇಲ್ಲೇ ಒಂದು ಕತ್ತಲೆಯ ಮೂಲೆಯಿದೆ. ಮೂಲ ಅರ್ಜಿ ಗಂಡನದು. ಹಿಂತೆಗೆದುಕೊಳ್ಳುವ ಹಕ್ಕೂ ಅವನದು. ಜಗಳವಾದಾಗಲೆಲ್ಲ 'ಕಾಗದ ವಾಪಸು ತೆಗೆದುಕೊಳ್ಳುತ್ತೇನೆ' ಎಂದು ಹೆದರಿಸುವ ಗಂಡಂದಿರು ಎಲ್ಲ ದೇಶದ, ಎಲ್ಲ ಭಾಷೆಯ ಮನೆಗಳಲ್ಲೂ ಸಿಗುತ್ತಾರೆ. 1994ರಲ್ಲಿ ಬಂದ ಮಹಿಳಾ ದೌರ್ಜನ್ಯ ತಡೆ ಕಾಯಿದೆಯು ಹಿಂಸೆಗೊಳಗಾದ ಹೆಂಡತಿ, ಗಂಡನಿಗೆ ತಿಳಿಯದಂತೆ, ತಾನೇ ಅರ್ಜಿ ಹಾಕಬಹುದೆಂದಿತು. ಗಂಡಸರೂ ಇದೇ ದಾರಿ ಹಿಡಿಯಬಹುದು. ಷರತ್ತಿನ ಕಾರ್ಡ್ ಬಂದ ಮೇಲೆ ಮದುವೆ ಮುರಿದರೆ, ಅದು ನಿಜವಾದ ಮದುವೆಯೇ ಆಗಿತ್ತು ಎಂದು ತೋರಿಸಿ ಒಬ್ಬಳೇ ಅರ್ಜಿ ಹಾಕಲೂ ಅವಕಾಶವಿದೆ. ಹೊಡೆತ ತಿನ್ನುತ್ತ ಬಾಯಿ ಮುಚ್ಚಿಕೊಂಡಿರುವ ಹೆಣ್ಣುಮಕ್ಕಳಿಗೆ ತಲುಪಬೇಕಾದ ಸುದ್ದಿ ಇದು. ತಲುಪುವುದು ಮಾತ್ರ ನಿಧಾನ.

ಅರ್ಜಿ ಹಾಕಿ ಕಾರ್ಡಿಗೆ ಕಾಯುವ ತಿಂಗಳುಗಳಲ್ಲಿ ಊರಿನಿಂದ ಫೋನು ಬರುತ್ತದೆ. ಅಪ್ಪನಿಗೆ ಎದೆನೋವು, ಜಯದೇವದಲ್ಲಿ ಸೇರಿಸಿದ್ದೇವೆ, ಹೊರಟು ಬಾ. ಹೊರಡುವಂತಿಲ್ಲ. ಮುಂಚಿತವಾಗಿ 'ಅಡ್ವಾನ್ಸ್ ಪೆರೋಲ್' ಎಂಬ ಅನುಮತಿ ಪಡೆಯದೆ ಹೊರಟರೆ ಅರ್ಜಿಯನ್ನು ಕೈಬಿಟ್ಟಂತೆಯೇ ಲೆಕ್ಕ. ಅದರ ಮೇಲೆ ಆ 10 ವರ್ಷ. ಅನುಮತಿ ಪತ್ರ ಪಡೆದು ಹೋದವರಿಗೂ 10 ವರ್ಷದ ನಿಷೇಧ ತಗಲುತ್ತದೆ ಎಂದೇ ವಲಸೆ ಇಲಾಖೆ ಬಹುಕಾಲ ವಾದಿಸುತ್ತಿತ್ತು. ಅದಕ್ಕೆ ತೆರೆ ಎಳೆದದ್ದು ಭಾರತೀಯ ದಂಪತಿಯೊಂದರ ಮೊಕದ್ದಮೆ. ವಯಸ್ಸಾದ ತಂದೆತಾಯಿಯನ್ನು ನೋಡಲು ಅಡ್ವಾನ್ಸ್ ಪೆರೋಲ್ ಪಡೆದು ಭಾರತಕ್ಕೆ ಬಂದು ಹೋಗಿದ್ದವರಿಗೆ, ನೀವು ದೇಶ ಬಿಟ್ಟು ಹೊರಟವರು ಎಂದು ಇಲಾಖೆ ಕಾರ್ಡ್ ನಿರಾಕರಿಸಿತ್ತು. ಅನುಮತಿ ಪಡೆದು ಹೋಗಿ ಬರುವುದು ಆ ಅರ್ಥದ 'ಹೊರಡುವಿಕೆ' ಅಲ್ಲ ಎಂದು 2012ರಲ್ಲಿ ವಲಸೆ ಮೇಲ್ಮನವಿ ಮಂಡಳಿ ತೀರ್ಪು ಕೊಟ್ಟಿತು. ತಂದೆತಾಯಿಯ ಮುಖ ನೋಡಲು ಹೋದ ಇಬ್ಬರಿಂದ ಸಾವಿರಾರು ಜನರಿಗೆ ದಾರಿಯಾಯಿತು. ಆದರೂ ಆ ಪತ್ರಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ತುರ್ತು ಅರ್ಜಿಗೆ ಅವಕಾಶವಿದೆ, ಕೊಡುವುದು ಅಧಿಕಾರಿಯ ವಿವೇಚನೆ. ವೈಕುಂಠ ಸಮಾರಾಧನೆ ಹದಿಮೂರನೆಯ ದಿನಕ್ಕೆ ಬರುತ್ತದೆ. ವಿವೇಚನೆ ಯಾವ ದಿನಕ್ಕೆ ಬರುತ್ತದೆಂದು ಹೇಳಲು ಬರುವುದಿಲ್ಲ.

2025ರಲ್ಲಿ ಗಾಳಿ ಇನ್ನಷ್ಟು ಬಿರುಸಾಯಿತು. ಮದುವೆಯ ಆಧಾರದ ಅರ್ಜಿ ಬಾಕಿಯಿದೆ ಎಂಬುದೇ ಗಡೀಪಾರಿನಿಂದ ರಕ್ಷಣೆಯಲ್ಲ ಎಂದು ವಲಸೆ ಇಲಾಖೆ ಆ ಆಗಸ್ಟಿನಲ್ಲಿ ತನ್ನ ಕೈಪಿಡಿಯಲ್ಲಿ ಸ್ಪಷ್ಟಪಡಿಸಿತು. ನವೆಂಬರಿನಲ್ಲಿ ಸ್ಯಾನ್ ಡಿಯಾಗೋದ ಕಚೇರಿಗೆ ಗಂಡ ಅಥವಾ ಹೆಂಡತಿಯ ಜೊತೆ ಸಂದರ್ಶನಕ್ಕೆಂದು ಬಂದ ಕೆಲವರನ್ನು, ವೀಸಾ ಗಡುವು ಮೀರಿದ್ದರೆಂಬ ಕಾರಣಕ್ಕೆ, ಅಲ್ಲೇ ಬಂಧಿಸಿದರು. ಕ್ಷಮಿಸುವ 245ನೆಯ ಕಲಂ ಆಗಲೂ ಪುಸ್ತಕದಲ್ಲಿ ಹಾಗೆಯೇ ಇತ್ತು. ಕ್ಷಮೆ ಕೇಳಲು ಬಂದವರನ್ನು ಕೇಳುವ ಮೊದಲೇ ಹಿಡಿದರು. ವಕೀಲರಿಲ್ಲದೆ ಸಂದರ್ಶನಕ್ಕೆ ಹೋಗುವುದು ಅಂದಿನಿಂದ ಬುದ್ಧಿವಂತಿಕೆಯಲ್ಲ.

ನಮ್ಮ ತಂಗಿಗೆ ಕೊನೆಗೆ ಕಾರ್ಡ್ ಬಂತು ಎಂದೇ ಇಟ್ಟುಕೊಳ್ಳೋಣ. ಈಗ ಅವಳು ವಿಮಾನ ಹತ್ತಬಹುದು. ಮಲಗಿದ್ದ ಆ ಹತ್ತು ವರ್ಷ ಏಳುವುದಿಲ್ಲ. ಅಪ್ಪನನ್ನು ನೋಡಿ, ಮನೆದೇವರಿಗೆ ಹೋಗಿ, ಉಪ್ಪಿನಕಾಯಿ ಕಟ್ಟಿಸಿಕೊಂಡು ಬರಬಹುದು. ಕಾರ್ಡಿನ ಮೇಲೆ ಮಾತ್ರ ಮತ್ತೆ ಒಂದು ತಾರೀಖಿದೆ, ಎರಡು ವರ್ಷದ್ದು. ಅದಕ್ಕೆ ಹಿಂದಿನ 90 ದಿನಗಳೊಳಗೆ ಐ-751 ಅರ್ಜಿ ಇಬ್ಬರ ಸಹಿಯೊಂದಿಗೆ ಹೋಗಬೇಕು. ಅಕ್ಕನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಈ ಸಲ ಕೆಂಪು ಶಾಯಿಯ ಸುತ್ತು ಬಿದ್ದಿದೆ.